ಕಡಿಮೆ ಆದಾಯದ ಕುಟುಂಬಗಳಿಗೆ ಗಣಕಯಂತ್ರ ಮತ್ತು ಗಣಕ ಕೌಶಲ್ಯ: ಅರಿವು ಕೇಂದ್ರದ ಮೂಲಕ ಗ್ರಾಮ ಪಂಚಾಯತಿ ಮಾಡಬಹುದಾದದ್ದು



ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಯಾವುದೇ ಗ್ರಾಮ ಪಂಚಾಯತಿ ಕಚೇರಿಯಲ್ಲಿ ಅರ್ಧ ದಿನ ಕುಳಿತರೆ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ವಯಸ್ಸಾದ ತಾಯಿಯೊಬ್ಬರು ಸೆರಗಿನಲ್ಲಿ ಸುತ್ತಿಟ್ಟ ಮೊಬೈಲನ್ನು ಹೊರತೆಗೆದು, ಎದುರಿಗೆ ಸಿಕ್ಕವರ ಕೈಗೆ ಕೊಟ್ಟು, "ಇದರಾಗ ಏನೋ ಬಂದೈತಂತ, ನೋಡ್ರಿ" ಎನ್ನುತ್ತಾರೆ. ಬಂದದ್ದು ಪಿಂಚಣಿಯ ಸಂದೇಶವಿರಬಹುದು, ಬ್ಯಾಂಕಿನ ಒಟಿಪಿ ಇರಬಹುದು. ಎದುರಿಗಿರುವವರು ಒಳ್ಳೆಯವರಾಗಿದ್ದರೆ ಕೆಲಸವಾಗುತ್ತದೆ, ಇಲ್ಲದಿದ್ದರೆ ಖಾತೆ ಬರಿದಾಗುತ್ತದೆ. ಪಹಣಿ, ಬೆಳೆ ಸಮೀಕ್ಷೆ, ವಿದ್ಯಾರ್ಥಿವೇತನ, ಪಡಿತರ ಚೀಟಿ, ಕಟ್ಟಡ ಕಾರ್ಮಿಕರ ನೋಂದಣಿ ಎಲ್ಲವೂ ಗಣಕೀಕೃತವಾಗಿರುವ ಈ ಕಾಲದಲ್ಲಿ ತನ್ನ ಹಕ್ಕಿನ ಬಾಗಿಲನ್ನು ತಾನೇ ತೆರೆಯಲಾರದ ಕುಟುಂಬ ಪ್ರತಿ ಬಾರಿಯೂ ಇನ್ನೊಬ್ಬರ ದಯೆಗೆ ಕಾಯಬೇಕಾಗಿದೆ.

ಸರ್ಕಾರ ಸೌಲಭ್ಯ ನೀಡಿಲ್ಲವೆಂದಲ್ಲ. 2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆಯಿಂದ ಕೈಬರಹದ ಪಹಣಿ ನಿಂತು ಗಣಕೀಕೃತ ಪಹಣಿ ಬಂದಿತು. ಆನಂತರ ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳು, ನಾಡಕಚೇರಿಗಳು, ನಮ್ಮದೇ ಕಚೇರಿಗಳಲ್ಲಿ ಬಾಪೂಜಿ ಸೇವಾ ಕೇಂದ್ರ, ಇತ್ತೀಚೆಗೆ ಗ್ರಾಮ ಒನ್ ಬಂದವು. ಇವೆಲ್ಲವೂ ಕಿಟಕಿಗಳು. ಕಿಟಕಿಯ ಒಳಗಿರುವವರು ಯಂತ್ರ ನಡೆಸುತ್ತಾರೆ, ಹೊರಗಿರುವವರು ಕೈಕಟ್ಟಿ ನಿಲ್ಲುತ್ತಾರೆ. ಕಿಟಕಿ ಅವಶ್ಯ, ಆದರೆ ಇಪ್ಪತ್ತು ವರ್ಷ ಕಿಟಕಿಯ ಹೊರಗೆ ನಿಂತವರು ಯಂತ್ರದ ಬಳಕೆ ಕಲಿತುಬಿಡುವುದಿಲ್ಲ. ಈ ಲೇಖನ ಕಿಟಕಿಯ ಕುರಿತಲ್ಲ, ಹೊರಗೆ ನಿಂತವರ ಕೈಗೆ ಕೀಲಿಮಣೆ ಕೊಡುವ ಕುರಿತಾದದ್ದು.

ಎಲ್ಲರ ಬಳಿಯೂ ಮೊಬೈಲ್ ಇರುವಾಗ ಗಣಕಯಂತ್ರವೇಕೆ ಎಂದು ಸಭೆಗಳಲ್ಲಿ ಸದಸ್ಯರು ಕೇಳುವುದುಂಟು. ಪ್ರಶ್ನೆ ಸರಿಯಾದುದೇ. ಹಣ ಕಳುಹಿಸಲು, ಸಂದೇಶ ನೋಡಲು ಮೊಬೈಲ್ ಸಾಕು. ಆದರೆ ಎರಡು ಪುಟದ ಅರ್ಜಿ ಬರೆಯಲು, ಸ್ವಸಹಾಯ ಸಂಘದ ಲೆಕ್ಕವನ್ನು ಕೋಷ್ಟಕದಲ್ಲಿ ಇಡಲು, ಭಾವಚಿತ್ರವನ್ನು ಜಾಲತಾಣ ಕೇಳುವ ಅಳತೆಗೆ ಇಳಿಸಿ ಏರಿಸಲು ದೊಡ್ಡ ಪರದೆ, ಕೀಲಿಮಣೆ ಬೇಕು. ಎಲ್ಲಕ್ಕಿಂತ ಮುಖ್ಯವಾದುದು ಉದ್ಯೋಗ. ರೈಲ್ವೆ, ಬ್ಯಾಂಕ್, ಸಿಬ್ಬಂದಿ ನೇಮಕಾತಿ ಆಯೋಗಗಳ ಪರೀಕ್ಷೆಗಳು ಇಂದು ಗಣಕಯಂತ್ರದ ಮುಂದೆಯೇ ನಡೆಯುತ್ತವೆ. ವರ್ಷವಿಡೀ ಓದಿದ ಹುಡುಗಿ ಪರೀಕ್ಷಾ ಕೇಂದ್ರದಲ್ಲಿ ಮೊದಲ ಬಾರಿಗೆ ಮೌಸ್ ಹಿಡಿದರೆ, ಆಕೆಯ ಓದಿನಲ್ಲಿ ಕೊರತೆ ಇಲ್ಲದಿದ್ದರೂ ಸಮಯದಲ್ಲಿ ಕೊರತೆ ಬೀಳುತ್ತದೆ. ರಾಜ್ಯ ಸರ್ಕಾರಿ ನೌಕರರಾದ ನಾವೇ 2012ರ ನಿಯಮಗಳಂತೆ ಗಣಕ ಸಾಕ್ಷರತಾ ಪರೀಕ್ಷೆ ತೇರ್ಗಡೆಯಾಗಬೇಕು. ನಮಗೆ ಕಡ್ಡಾಯವಾದುದು ಊರಿನ ಮಕ್ಕಳಿಗೆ ಅನಾವಶ್ಯಕವೆಂದು ಹೇಳುವುದು ಹೇಗೆ?

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ (2017-18) ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಶೇ. 4.4ರಷ್ಟು ಮನೆಗಳಲ್ಲಿ ಮಾತ್ರ ಗಣಕಯಂತ್ರವಿತ್ತು. ನಗರಗಳಲ್ಲಿ ಇದು ಶೇ. 23.4. ಐದು ವರ್ಷ ಮೇಲ್ಪಟ್ಟ ಗ್ರಾಮೀಣರಲ್ಲಿ ಗಣಕಯಂತ್ರ ಬಳಸಬಲ್ಲವರು ಶೇ. 9.9. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಮನೆಯಲ್ಲಿ ಯಂತ್ರವಿಲ್ಲದ ಅನೇಕರು ಶಾಲೆಯಲ್ಲಿ, ಕಾಲೇಜಿನಲ್ಲಿ, ಅಂಗಡಿಯಲ್ಲಿ, ಅಂದರೆ ಹಂಚಿಕೊಂಡ ಯಂತ್ರದಲ್ಲಿ ಕಲಿತಿದ್ದಾರೆ. ಮನೆಗೊಂದು ಯಂತ್ರ ಕೊಡಿಸಲು ಗ್ರಾಮ ಪಂಚಾಯತಿಗೆ ಸಾಧ್ಯವಿಲ್ಲ. ಊರಿಗೆ ಐದು ಯಂತ್ರ ಇಡಲು ಸಾಧ್ಯ.

ಹಂಚಿಕೊಂಡು ಬಳಸುವ ಈ ವಿಚಾರ ಹೊಸದಲ್ಲ, ನಮ್ಮ ರಾಜ್ಯದಲ್ಲಿಯೇ ಹುಟ್ಟಿದ್ದುಂಟು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ 'ಸಿಂಪ್ಯೂಟರ್' ಎಂಬ ಕೈಗಣಕವನ್ನು ರೂಪಿಸಿದರು. ಅದರ ಜಾಣ್ಮೆ ಇದ್ದದ್ದು ಬೆಲೆಯಲ್ಲಷ್ಟೇ ಅಲ್ಲ. ಯಂತ್ರ ಊರಿಗೆ ಒಂದು. ಪ್ರತಿಯೊಬ್ಬರಿಗೂ ತಮ್ಮದೇ ಆದ ಸ್ಮಾರ್ಟ್ ಕಾರ್ಡ್. ಕಾರ್ಡ್ ಹಾಕಿದರೆ ಯಂತ್ರ ಆ ವ್ಯಕ್ತಿಯದಾಗುತ್ತದೆ, ತೆಗೆದರೆ ಮುಂದಿನವರಿಗೆ ಸಿದ್ಧ. ಅಕ್ಷರ ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯನ್ನೂ ಯೋಚಿಸಲಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಸುಮಾರು ಹತ್ತು ಸಾವಿರ ರೂಪಾಯಿ ಆರಂಭಿಕ ದರದಲ್ಲಿ ಅದು ಮಾರುಕಟ್ಟೆಗೆ ಬಂದಿತು. ನಿರೀಕ್ಷೆಯ ಸಮೀಪಕ್ಕೂ ಮಾರಾಟ ತಲುಪಲಿಲ್ಲ. ಇಂಜಿನಿಯರಿಂಗ್ ಓದುವಾಗ ಇದನ್ನು ಯಂತ್ರದ ಸೋಲೆಂದು ನಾನು ತಿಳಿದಿದ್ದೆ. ಪಂಚಾಯತಿಯಲ್ಲಿ ಕೆಲಸ ಮಾಡಿದ ಮೇಲೆ ಬೇರೆಯಾಗಿ ಕಾಣುತ್ತದೆ: ಯಂತ್ರವನ್ನು ಊರಿನಲ್ಲಿ ಯಾರು ಇಟ್ಟುಕೊಳ್ಳಬೇಕು, ಸಂಜೆ ಯಾರು ಬಾಗಿಲು ತೆರೆಯಬೇಕು, ಕೆಟ್ಟರೆ ಯಾರು ಕೇಳಬೇಕು ಎಂಬುದಕ್ಕೆ ಅಂದು ಊರಿನಲ್ಲಿ ಉತ್ತರವಿರಲಿಲ್ಲ.

ಕೌಶಲ್ಯದ ಕಡೆಯಿಂದಲೂ ಇದೇ ಪಾಠ. 2017ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು ಪ್ರತಿ ಗ್ರಾಮೀಣ ಕುಟುಂಬದಿಂದ ಒಬ್ಬರಂತೆ 6 ಕೋಟಿ ಜನರಿಗೆ ಉಚಿತವಾಗಿ 20 ಗಂಟೆಗಳ ತರಬೇತಿ ನೀಡುವ ಗುರಿ ಹೊಂದಿತ್ತು. 2024ರ ಮಾರ್ಚ್ 31ಕ್ಕೆ ಮುಕ್ತಾಯವಾದಾಗ ಆರು ಕೋಟಿಗೂ ಹೆಚ್ಚು ಜನರಿಗೆ ತರಬೇತಿ ದೊರೆತಿತ್ತು. ಸಣ್ಣ ಕೆಲಸವಲ್ಲ. ಆದರೆ ಇಪ್ಪತ್ತೊಂದನೆಯ ಗಂಟೆಗೆ ಕುಳಿತುಕೊಳ್ಳಲು ಯಂತ್ರವಿಲ್ಲದವರು ಆರು ತಿಂಗಳಲ್ಲಿ ಕಲಿತದ್ದನ್ನು ಮರೆಯುತ್ತಾರೆ. ಈಜು ಕಲಿತವರಿಗೂ ಕೆರೆ ಬೇಕು.

ಅಂತಹ ಸ್ಥಳ ಈಗ ನಮ್ಮ ವಶದಲ್ಲಿಯೇ ಇದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡವು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಇವು 'ಅರಿವು ಕೇಂದ್ರ'ಗಳು. ಶಿಕ್ಷಣ ಫೌಂಡೇಶನ್ ಸಹಯೋಗದ 'ಗ್ರಾಮ ಡಿಜಿ ವಿಕಸನ' ಕಾರ್ಯಕ್ರಮದಿಂದ, ದಾನಿಗಳಿಂದ, ಪಂಚಾಯತಿಯ ಸ್ವಂತ ಖರೀದಿಯಿಂದ ಅನೇಕ ಕೇಂದ್ರಗಳಿಗೆ ಸಾಧನಗಳೂ ಬಂದಿವೆ. ಕಟ್ಟಡ ನಮ್ಮದು, ಮೇಲ್ವಿಚಾರಕರು ನಮ್ಮವರು, ಆಸ್ತಿ ತೆರಿಗೆಯ ಮೇಲೆ ಶೇ. 6ರ ಗ್ರಂಥಾಲಯ ಕರವನ್ನು ವಸೂಲು ಮಾಡುವವರೂ ನಾವೇ. ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ ಅರವತ್ತು ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಬರುತ್ತದೆ. ಆ ಹಣ ಯಾವುದಕ್ಕೆ ಬಳಕೆಯಾಯಿತೆಂದು ಸಾಮಾನ್ಯ ಸಭೆಯಲ್ಲಿ ಕೇಳುವ ಸದಸ್ಯರು ನನ್ನ ಅನುಭವದಲ್ಲಿ ಬಹಳ ವಿರಳ.

ನನ್ನದೇ ಒಂದು ತಪ್ಪು

ಈ ಹಿಂದೆ ನಾನು ಕಾರ್ಯನಿರ್ವಹಿಸಿದ ಒಂದು ಗ್ರಾಮ ಪಂಚಾಯತಿಯಲ್ಲಿ ಗ್ರಂಥಾಲಯಕ್ಕೆ ಐದು ಮೇಜಿನ ಗಣಕಯಂತ್ರಗಳನ್ನು ಖರೀದಿಸಿದೆವು. ತಾಂತ್ರಿಕ ವಿವರಣೆಯನ್ನು ನಾನೇ ಉತ್ಸಾಹದಿಂದ ಬರೆದಿದ್ದೆ: ವೇಗದ ಪ್ರೊಸೆಸರ್, ದೊಡ್ಡ ಪರದೆ. ಸಂಜೆ ವಿದ್ಯುತ್ ಹೋಗುವ ಊರು ಅದು. ಒಂದು ಇನ್ವರ್ಟರ್ ಮತ್ತು ಒಂದು ಬ್ಯಾಟರಿ ಇಟ್ಟಿದ್ದೆವು. ಒಂದೂವರೆ ವರ್ಷದೊಳಗೆ ಬ್ಯಾಟರಿ ಸತ್ತಿತು. ಬದಲಿಸಲು ಆಯವ್ಯಯದಲ್ಲಿ ಬಾಬತ್ತು ಇಟ್ಟಿರಲಿಲ್ಲ. ಯಂತ್ರಗಳಿಗೆ ಧೂಳು ಕೂಡದಂತೆ ಬಟ್ಟೆ ಹೊದಿಸಿದರು. ಆ ಬಟ್ಟೆ ತಿಂಗಳುಗಟ್ಟಲೆ ಹಾಗೆಯೇ ಉಳಿಯಿತು. ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು, "ಸಾಹೇಬ್ರ, ಇದು ಅರಿವು ಕೇಂದ್ರನೋ, ಅರಿವಿ ಕೇಂದ್ರನೋ?" ಎಂದಾಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಕುಳಿತು ಮಾಡಿದ ಲೆಕ್ಕವನ್ನು ಮೊದಲೇ ಮಾಡಬೇಕಿತ್ತು. ಮೇಜಿನ ಗಣಕಯಂತ್ರ ಪರದೆ ಸೇರಿ ಸುಮಾರು 120ರಿಂದ 150 ವ್ಯಾಟ್ ಎಳೆಯುತ್ತದೆ. ಐದಕ್ಕೆ 600ರಿಂದ 750 ವ್ಯಾಟ್. ಲ್ಯಾಪ್‌ಟಾಪ್ ಸುಮಾರು 40ರಿಂದ 50 ವ್ಯಾಟ್. ಐದಕ್ಕೆ 250 ವ್ಯಾಟ್ ದಾಟುವುದಿಲ್ಲ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇದ್ದರೂ ನಷ್ಟ ಕಳೆದು, ಬ್ಯಾಟರಿ ಪೂರ್ತಿ ಬರಿದಾಗದಂತೆ ಬಳಸಿದರೆ ಸಾವಿರದಷ್ಟು ಮಾತ್ರ ಕೈಗೆ ಸಿಗುತ್ತದೆ. ಅಂದರೆ ಐದು ಮೇಜಿನ ಯಂತ್ರಗಳು ಒಂದೂವರೆ ಗಂಟೆ, ಐದು ಲ್ಯಾಪ್‌ಟಾಪ್‌ಗಳು ನಾಲ್ಕು ಗಂಟೆ. ಲ್ಯಾಪ್‌ಟಾಪ್ ಒಳಗಿನ ಬ್ಯಾಟರಿಯ ಸಮಯ ಇದಕ್ಕೆ ಹೆಚ್ಚುವರಿ. ಪ್ರತಿ ಸಂಜೆ ಪೂರ್ತಿ ಬರಿದಾಗುವ ಬ್ಯಾಟರಿ ಬೇಗ ಸಾಯುತ್ತದೆ. ನಮ್ಮದು ಸತ್ತದ್ದೂ ಹಾಗೆಯೇ. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕುವ ಹೊಣೆ ಯಾರದೆಂದು ಗೋಡೆಯ ಮೇಲೆ ಹೆಸರು ಬರೆಯುವುದು ಒಳಿತು. ಯಾರದೂ ಅಲ್ಲದ ಕೆಲಸವನ್ನು ಯಾರೂ ಮಾಡುವುದಿಲ್ಲ.

ಹಳೆಯ ಯಂತ್ರವೂ ಯಂತ್ರವೇ

ಹೊಸದನ್ನೇ ಖರೀದಿಸಬೇಕೆಂದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಹಾಗೂ ಹೊಸ ಪ್ರೊಸೆಸರ್ ಇಲ್ಲದ, ಆದರೆ ಗಟ್ಟಿಯಾಗಿ ನಡೆಯುವ ಯಂತ್ರಗಳನ್ನು ಕಂಪನಿಗಳು, ಬ್ಯಾಂಕುಗಳು, ಕಾಲೇಜುಗಳು ಹೊರಹಾಕುತ್ತಿವೆ. ಇವುಗಳಿಗೆ ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿ, 4 ಜಿಬಿ ರ‍್ಯಾಮ್ ಇರುವಂತೆ ನೋಡಿಕೊಂಡು, ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನಂತಹ ಉಚಿತ ಕಾರ್ಯಾಚರಣಾ ವ್ಯವಸ್ಥೆ ಅಳವಡಿಸಿದರೆ ಅರ್ಜಿ ಬರೆಯಲು, ಜಾಲತಾಣ ನೋಡಲು, ಲೆಕ್ಕ ಇಡಲು ಇನ್ನೂ ಹಲವು ವರ್ಷ ದುಡಿಯುತ್ತವೆ. ಪರವಾನಗಿ ಶುಲ್ಕವಿಲ್ಲ.

ಇದು ಪ್ರಯೋಗವಲ್ಲ. ಕೇರಳದ ಸರ್ಕಾರಿ ಶಾಲೆಗಳು ದಶಕಕ್ಕೂ ಹೆಚ್ಚು ಕಾಲದಿಂದ ಇದೇ ಲಿನಕ್ಸ್‌ನಲ್ಲಿ ಪಾಠ ನಡೆಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ. ಬೆಂಗಳೂರಿನ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಸ್ವಯಂಸೇವಕರು 'ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ'ವನ್ನು ನಡೆಸಿದರು. ಬಳಸಿದ ಯಂತ್ರಗಳು, ಉಚಿತ ತಂತ್ರಾಂಶ, ರಜಾದಿನ ಬಂದು ಕಲಿಸುವ ಯುವಕರು: ಬಂಡವಾಳ ಇಷ್ಟೇ. ಅಲ್ಲಿಯ ಕೂಲಿಕಾರರ ಮಕ್ಕಳು ಜಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬಿಡಿಸುವುದನ್ನು ಕಲಿತರು. ಚಿತ್ರ ಬಿಡಿಸಿ ಏನು ಪ್ರಯೋಜನ ಎನ್ನಬಾರದು. ಮೌಸ್ ಹಿಡಿಯುವ ಕೈಯ ಹೆದರಿಕೆ ಹೋಗುವುದು ಹಾಗೆಯೇ.

ದಾನ ಪಡೆಯುವಾಗ ಒಂದು ಎಚ್ಚರಿಕೆ. ಕೆಟ್ಟ ಯಂತ್ರಗಳನ್ನು ದಾನವೆಂದು ಕಳುಹಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಂತೆ ದೊಡ್ಡ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ದುರಸ್ತಿದಾರರು ಅಥವಾ ಮರುಬಳಕೆದಾರರಿಗೇ ಒಪ್ಪಿಸಬೇಕು. ನಾವು ಯಂತ್ರವನ್ನು ಚಾಲೂ ಮಾಡಿ ನೋಡಿ, ನಡೆಯುವುದನ್ನಷ್ಟೇ ಸ್ವೀಕರಿಸಿ, ದಾಸ್ತಾನು ವಹಿಯಲ್ಲಿ ಅಂದೇ ದಾಖಲಿಸಬೇಕು. ಉಳಿದದ್ದು ನಮ್ಮ ಗೋದಾಮಿನ ಕಸವಾಗಬಾರದು.

ಕನ್ನಡದಲ್ಲಿ ಬೆರಳಾಡಿಸುವುದು

ನಮ್ಮ ಕಚೇರಿಗಳಲ್ಲಿ ಬಹುಕಾಲ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಕಡತ ಸಿದ್ಧಪಡಿಸಿದ್ದೇವೆ. ಅದನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹೊಸದಾಗಿ ಕಲಿಯುವವರಿಗೆ ಮೊದಲ ದಿನದಿಂದಲೇ ಯೂನಿಕೋಡ್ ಕಲಿಸಬೇಕು. ಅದು ಯಂತ್ರ, ಮೊಬೈಲ್, ಜಾಲತಾಣ ಎಲ್ಲೆಡೆ ಒಂದೇ ರೀತಿ ಓದಿಸಿಕೊಳ್ಳುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತು ಪ್ರಚುರಪಡಿಸಿದ ಕೀಲಿಮಣೆಯೇ ಲಿನಕ್ಸ್‌ನಲ್ಲಿಯೂ 'ಕೆಜಿಪಿ' ಎಂಬ ಹೆಸರಿನಲ್ಲಿ ಉಚಿತವಾಗಿ ದೊರೆಯುತ್ತದೆ. ಹಾಗಾಗಿ ಅರಿವು ಕೇಂದ್ರದಲ್ಲಿ ಕಲಿತ ಬೆರಳು ನಾಳೆ ಯಾವ ಕಚೇರಿಯಲ್ಲಿಯೂ ತಡವರಿಸುವುದಿಲ್ಲ. ಇಂಗ್ಲಿಷ್ ಬಾರದು ಎಂಬ ಕಾರಣಕ್ಕೆ ಹಿಂದೆ ಸರಿಯುವ ಮಹಿಳೆಯರಿಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಪರದೆಯ ಮೇಲೆ ತಾವೇ ಮೂಡಿಸುವುದು ಮೊದಲ ಪಾಠವಾಗಲಿ.

ದೃಷ್ಟಿದೋಷವುಳ್ಳವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಕನ್ನಡ ಧ್ವನಿಯೂ ಇದೆ. ಇದು ವಿಂಡೋಸ್‌ನಲ್ಲಿ ಮಾತ್ರ ನಡೆಯುವುದರಿಂದ ಒಂದು ಯಂತ್ರವನ್ನು ಹಾಗೆ ಸಿದ್ಧಪಡಿಸಿಡಬಹುದು. ವಿಶೇಷಚೇತನರಿಗಾಗಿ ಮೀಸಲಿಡುವ ಶೇ. 5ರ ಹಣವನ್ನು ಪ್ರತಿ ವರ್ಷ ಒಂದೇ ಬಗೆಯ ಸಾಮಗ್ರಿಗೆ ಖರ್ಚು ಮಾಡುವ ಬದಲು ಇದಕ್ಕೂ ಯೋಚಿಸಬಹುದು. ಫಲಾನುಭವಿಗಳು ಯಾರೆಂದು ನಿಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ.

ಯಾರು ಕಲಿಸಬೇಕು, ಯಾವಾಗ

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಯಂತ್ರಕ್ಕೆ ಹಣ ಸಿಗುತ್ತದೆ. ಪಕ್ಕದಲ್ಲಿ ಕುಳಿತು ಹೇಳಿಕೊಡುವ ವ್ಯಕ್ತಿಗೆ ಸಿಗುವುದಿಲ್ಲ. 15ನೇ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನವನ್ನೂ ವೇತನ ಹಾಗೂ ಆಡಳಿತ ವೆಚ್ಚಕ್ಕೆ ಬಳಸುವಂತಿಲ್ಲವೆಂಬುದು ತಮಗೆ ತಿಳಿದಿದೆ. ಆದ್ದರಿಂದ ಬೋಧಕರ ಗೌರವಧನ ಸ್ವಂತ ಸಂಪನ್ಮೂಲದಿಂದಲೇ ಬರಬೇಕು. ತೆರಿಗೆ ವಸೂಲಾತಿ ಹೆಚ್ಚಿಸಿದ ಪಂಚಾಯತಿ ಮಾತ್ರ ಇದನ್ನು ಮಾಡಬಲ್ಲದು. ಅಹಿತಕರವಾದರೂ ನಿಜ.

ಗ್ರಂಥಾಲಯ ಮೇಲ್ವಿಚಾರಕರೊಬ್ಬರ ಮೇಲೆಯೇ ಎಲ್ಲವನ್ನೂ ಹೊರಿಸಬಾರದು. ಊರಿನಲ್ಲಿಯೇ ಐಟಿಐ ಸಂಸ್ಥೆಯಲ್ಲಿ 'ಕೋಪಾ' ವೃತ್ತಿ ಕಲಿತು ಮನೆಯಲ್ಲಿರುವ ಯುವತಿಯರಿದ್ದಾರೆ. ಸಂಜೀವಿನಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರು ಈಗಾಗಲೇ ಯಂತ್ರ ಬಳಸುತ್ತಾರೆ. ಹೆಣ್ಣುಮಕ್ಕಳು ಹೆಣ್ಣುಮಕ್ಕಳಿಂದ ಸಂಕೋಚವಿಲ್ಲದೆ ಕಲಿಯುತ್ತಾರೆ. ಯುವಕರು ಕಿಕ್ಕಿರಿದ ಕೋಣೆಗೆ ತಾಯಂದಿರು ಬರಲು ಹಿಂಜರಿಯುತ್ತಾರೆ. ವಾರದಲ್ಲಿ ಎರಡು ಮಧ್ಯಾಹ್ನ ಮಹಿಳೆಯರಿಗೇ ಮೀಸಲಾಗಿರಲಿ. 'ಕೂಸಿನ ಮನೆ' ಇರುವ ಪಂಚಾಯತಿಗಳಲ್ಲಿ ಮಗುವನ್ನು ಅಲ್ಲಿ ಬಿಟ್ಟು ಬರಬಹುದು. ಎರಡೂ ಕಟ್ಟಡ ಹತ್ತಿರವಿದ್ದರೆ ಇನ್ನೂ ಅನುಕೂಲ.

ಸಮಯವನ್ನು ಕಚೇರಿಯ ಗಡಿಯಾರದಿಂದಲ್ಲ, ಊರಿನ ದುಡಿಮೆಯಿಂದ ನಿರ್ಧರಿಸಬೇಕು. ಹಿರೇಕೆರೂರಿನ ಕಡೆ ಗೋವಿನಜೋಳದ ರಾಶಿ ನಡೆಯುವಾಗ, ಹಾನಗಲ್ಲಿನ ಕಡೆ ಭತ್ತದ ಕೊಯ್ಲಿನಲ್ಲಿ ಯಾರೂ ಬರುವುದಿಲ್ಲ. ಬರಲಿಲ್ಲವೆಂದು ತರಗತಿ ಮುಚ್ಚುವುದೂ ಬೇಡ, ಆ ತಿಂಗಳು ಬಿಡುವು ಎಂದು ಮೊದಲೇ ಘೋಷಿಸಿದರಾಯಿತು. ಸವಣೂರಿನ ಎಲೆಬಳ್ಳಿ ತೋಟಗಳಿಗೆ ಹೋಗುವವರ ದಿನಚರಿ ಬೇರೆ, ಶಿಗ್ಗಾಂವಿಯ ಕಡೆ ದಿನಗೂಲಿಗೆ ಪೇಟೆಗೆ ಹೋಗಿ ಬರುವವರದು ಬೇರೆ. ಗುಳೆ ಹೋಗುವ ತಾಂಡಾದ ಕುಟುಂಬಗಳು ಊರಿನಲ್ಲಿರುವ ತಿಂಗಳುಗಳನ್ನು ಆಯಾ ತಾಂಡಾದ ಸದಸ್ಯರು ನನಗಿಂತ ಚೆನ್ನಾಗಿ ಬಲ್ಲರು. ಕೂಲಿಕಾರರಿಗೆ ಬೆಳಿಗ್ಗೆ ಹತ್ತರಿಂದ ಐದರವರೆಗೆ ತೆರೆದಿರುವ ಕೇಂದ್ರ ಮುಚ್ಚಿದ ಕೇಂದ್ರವೇ ಸರಿ. ಸಂಜೆ ಆರರಿಂದ ಎಂಟೂವರೆ ಎಂಬುದು ನನ್ನ ಸಲಹೆ. ಹೊರಗೊಂದು ಬೀದಿದೀಪ ಉರಿಯುವಂತೆ ನೋಡಿಕೊಳ್ಳಿ.

ಕಲಿಸುವುದನ್ನೂ ಹಿಂದುಮುಂದು ಮಾಡುವುದು ಒಳಿತು. ಯಂತ್ರದ ಭಾಗಗಳ ಹೆಸರು, ಇತಿಹಾಸ ಎಂದು ಆರಂಭಿಸಿದರೆ ಮರುದಿನ ಅರ್ಧ ಜನ ಇರುವುದಿಲ್ಲ. ಅವರ ಕೆಲಸದಿಂದಲೇ ಆರಂಭವಾಗಲಿ: ತಮ್ಮ ಸರ್ವೆ ನಂಬರಿನ ಪಹಣಿ ತಾವೇ ನೋಡುವುದು, ಮಗನ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ನಿಂತಿದೆ ಎಂದು ತಿಳಿಯುವುದು, ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ತೆರೆಯುವುದು. ಒಟಿಪಿ ಮತ್ತು ಪಿನ್ ಯಾರಿಗೂ ಹೇಳಬಾರದು, ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಮೋಸವಾದ ಕೂಡಲೇ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಪ್ರತಿ ತರಗತಿಯಲ್ಲಿ, ಬೇಸರವಾಗುವಷ್ಟು ಬಾರಿ, ಹೇಳಿಸಬೇಕು. ಹಂಚಿಕೊಂಡ ಯಂತ್ರದಲ್ಲಿ ಕೆಲಸ ಮುಗಿದ ಮೇಲೆ ಲಾಗ್ ಔಟ್ ಆಗಿ ಏಳುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಲಿಸಬೇಕು. ಸಿಂಪ್ಯೂಟರಿನಲ್ಲಿ ಕಾರ್ಡ್ ಕಿತ್ತುಕೊಂಡು ಹೋಗುವಂತೆ.

ಮುಂದಿನ ಸಾಮಾನ್ಯ ಸಭೆಗೆ ಠರಾವಿನ ಒಂದು ಕರಡನ್ನು ಇಲ್ಲಿ ಕೊಟ್ಟಿದೆ. ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

"ಗ್ರಾಮ ಪಂಚಾಯತಿಯ ಅರಿವು ಕೇಂದ್ರವನ್ನು ವಾರದಲ್ಲಿ ಐದು ದಿನ ಸಂಜೆ 6ರಿಂದ 8.30ರವರೆಗೆ ಹಾಗೂ ಮಹಿಳೆಯರಿಗಾಗಿ ವಾರದಲ್ಲಿ ಎರಡು ದಿನ ಮಧ್ಯಾಹ್ನ ತೆರೆದಿಡುವುದು. ಗಣಕ ಬೋಧಕರೊಬ್ಬರನ್ನು ಗೌರವಧನದ ಆಧಾರದ ಮೇಲೆ ಪಂಚಾಯತಿ ವ್ಯಾಪ್ತಿಯ ನಿವಾಸಿಗಳಿಂದಲೇ, ಮಹಿಳೆಯರಿಗೆ ಆದ್ಯತೆ ನೀಡಿ, ಆಯ್ಕೆ ಮಾಡಿ ವೆಚ್ಚವನ್ನು ಸ್ವಂತ ಸಂಪನ್ಮೂಲದಿಂದ ಭರಿಸುವುದು. ಬ್ಯಾಟರಿ ಬದಲಾವಣೆ, ದುರಸ್ತಿ ಮತ್ತು ಅಂತರ್ಜಾಲ ಶುಲ್ಕಕ್ಕಾಗಿ ಆಯವ್ಯಯದಲ್ಲಿ ಪ್ರತ್ಯೇಕ ಬಾಬತ್ತು ತೆರೆಯುವುದು. ಗ್ರಂಥಾಲಯ ಕರದ ವಸೂಲಾತಿ ಮತ್ತು ಬಳಕೆಯ ವಿವರವನ್ನು ಹಾಗೂ ಕೇಂದ್ರಕ್ಕೆ ಬಂದವರ ಹಾಜರಿ ವಹಿಯನ್ನು ಪ್ರತಿ ಸಾಮಾನ್ಯ ಸಭೆಯ ಮುಂದೆ ಮಂಡಿಸುವುದು ಎಂದು ಸಭೆಯು ತೀರ್ಮಾನಿಸಿತು."

ಹಾಜರಿ ವಹಿಯಲ್ಲಿ ಹೆಸರಿನ ಜೊತೆಗೆ ಬಂದ ಸಮಯದ ಕಾಲಮ್ಮನ್ನೂ ಇಡಿಸಿ. ಸಂಜೆ ಏಳರ ನಂತರದ ಸಾಲುಗಳು ಖಾಲಿಯಿದ್ದರೆ ಕೂಲಿಕಾರರು ಇನ್ನೂ ಬಂದಿಲ್ಲವೆಂದು ತಿಳಿಯಬೇಕು.